ಮುಳುಗಿದುದು ಅಳಿಯಿತೆ?

ನದಿಯು ಕಡಲನ್ನು ಕೂಡುವ ಸ್ಥಳವನ್ನು ನಮ್ಮ ಕರಾವಳಿಯ ಜನ ಅಳಿವೆ ಎಂದು ಕರೆಯುತ್ತಾರೆ. ಈ ಪದ ಕಿವಿಗೆ ಬಿದ್ದೊಡನೆ ಅಳಿವು ಎಂಬ ಇನ್ನೊಂದು ಪದ ನೆನಪಾಗುವುದು ಸಹಜ. ಎರಡು ಪದಗಳ ನಂಟಿನ ವಿಚಾರವನ್ನು ನಿಘಂಟುಕಾರರಿಗೆ ಬಿಡೋಣ. ಆದರೆ ನದಿ ಹೊತ್ತು ತಂದುದೆಲ್ಲವೂ ಅಳಿವೆಯಲ್ಲಿ ಅಳಿದು ಹೋಗುತ್ತದೆ, ಕಡಲು ಎಲ್ಲವನ್ನೂ ನುಂಗಿ ಅರಗಿಸಿಕೊಳ್ಳುತ್ತದೆ ಎಂಬ ನಂಬಿಕೆ ಮಾತ್ರ ಬಹು ಹಳೆಯದು, ಬಹು ವ್ಯಾಪಕವಾದುದು. ಊರ ಚರಂಡಿಯನ್ನೂ ಕಾರ್ಖಾನೆಯ ಕೊಳೆಯನ್ನೂ ಹೊಳೆಗೆ ತಿರುಗಿಸುವವರ ಮನಸ್ಸಿನ ಆಳದಲ್ಲಿರುವುದು ಈ ನಂಬಿಕೆಯೇ.

ಪ್ರಾಣಿಜನ್ಯ, ಸಸ್ಯಜನ್ಯ ಕೊಳೆಯ ಮಟ್ಟಿಗೆ ಇದರಲ್ಲಿ ಸ್ವಲ್ಪ ಸತ್ಯಾಂಶ ಉಂಟು. ಸೂಕ್ಷ್ಮಜೀವಿಗಳು ಅದನ್ನು ಒಡೆದು ನೀರು, ಇಂಗಾಲದ ಡೈಆಕ್ಸೈಡ್ ಮುಂತಾದ ಸರಳ ಪದಾರ್ಥಗಳನ್ನಾಗಿ ಮಾಡುತ್ತವೆ. ಆದರೆ ತಾಮ್ರ, ಸತು, ಸೀಸ, ಕ್ಯಾಡ್ಮಿಯಮ್, ಪಾದರಸ ಇವು ಮೂಲವಸ್ತುಗಳು. ಯಾವ ಜೀವಿಯೂ ಮೂಲವಸ್ತುವನ್ನು ಜೀರ್ಣಿಸಿ ಇಲ್ಲವಾಗಿಸಲಾರದು. ಲೋಹದ ಪರಮಾಣು ತನ್ನ ಜೊತೆಗಾರರನ್ನು ಬದಲಾಯಿಸಬಹುದು, ನೆಲೆಯನ್ನು ಬದಲಾಯಿಸಬಹುದು, ಅಳಿಯುವುದಿಲ್ಲ. ನೀರಿನಲ್ಲಿ ಲೇಶಮಾತ್ರವಾಗಿ ಇರುವುದರಿಂದ ಇವುಗಳನ್ನು ಲೇಶಲೋಹಗಳೆಂದು ಕರೆಯುವುದುಂಟು. ಹೆಸರಿನಲ್ಲಿರುವ ಈ ಲೇಶವನ್ನು ನೋಡಿ ಉದಾಸೀನರಾಗುವುದು ಸಲ್ಲದು. ಅಳಿವೆಯ ತಳದ ಕೆಸರು ಲೋಹಗಳಿಗೆ ಸಮಾಧಿಯಲ್ಲ, ಉಗ್ರಾಣ. ಆ ಉಗ್ರಾಣದ ಬಾಗಿಲು ಯಾವಾಗ ತೆರೆಯುತ್ತದೆ ಎಂಬುದನ್ನು ತಿಳಿಯದೆ ನೀರನ್ನು ಮಾತ್ರ ಪರೀಕ್ಷಿಸಿ ನದಿ ಶುದ್ಧವಾಗಿದೆ ಎಂದು ತೀರ್ಪು ಕೊಡುವುದು ತಪ್ಪು ಎಂಬುದೇ ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮಾತು.

ಮೊದಲು ಲೋಹವು ಕೆಸರನ್ನು ಸೇರುವ ಬಗೆಯನ್ನು ನೋಡೋಣ. ಒಂದು ಸೆಂಟಿಮೀಟರ್ ಅಂಚುಳ್ಳ ಒಂದು ಘನವನ್ನು ಊಹಿಸಿಕೊಳ್ಳಿ. ಅದರ ಆರು ಮುಖಗಳ ಒಟ್ಟು ವಿಸ್ತೀರ್ಣ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮೈಕ್ರಾನ್, ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು, ಅಂಚುಳ್ಳ ಸಣ್ಣ ಘನಗಳನ್ನಾಗಿ ಕತ್ತರಿಸಿದರೆ ಲಕ್ಷ ಕೋಟಿ ತುಣುಕುಗಳಾಗುತ್ತವೆ. ಅವುಗಳ ಒಟ್ಟು ಮೇಲ್ಮೈ 60,000 ಚದರ ಸೆಂಟಿಮೀಟರ್, ಅಥವಾ 6 ಚದರ ಮೀಟರ್. ಒಂದು ಚಿಕ್ಕ ಕೋಣೆಯ ನೆಲದಷ್ಟಾಯಿತು! ಜೇಡಿಮಣ್ಣಿನ ಕಣಗಳು ಈ ಗಾತ್ರದವು. ಇನ್ನೂ ಚಿಕ್ಕವೂ ಇವೆ. ಈ ಮೇಲ್ಮೈಯ ಮೇಲೆ ಋಣ ವಿದ್ಯುದಂಶವಿರುತ್ತದೆ. ಅನೇಕ ಕಣಗಳಿಗೆ ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡುಗಳ ತೆಳ್ಳನೆಯ ಲೇಪವೂ ಇರುತ್ತದೆ. ನೀರಿನಲ್ಲಿ ಅಲೆಯುತ್ತಿರುವ ಲೋಹದ ಧನ ಅಯಾನುಗಳು ಇಂಥ ಮೇಲ್ಮೈಯನ್ನು ಕಂಡರೆ ಅಂಟಿಕೊಳ್ಳದೆ ಇರುವುದಿಲ್ಲ. ಆದಕಾರಣವೇ ಒಂದು ಲೀಟರ್ ಹೊಳೆಯ ನೀರಿನಲ್ಲಿರುವುದಕ್ಕಿಂತ ಅದೇ ಹೊಳೆಯ ಒಂದು ಕಿಲೋಗ್ರಾಂ ಕೆಸರಿನಲ್ಲಿ ಸಾವಿರಾರು ಪಟ್ಟು ಹೆಚ್ಚು ಲೋಹವಿರಬಲ್ಲದು. ಸೋಸಿದ ನೀರನ್ನು ಮಾತ್ರ ಪರೀಕ್ಷಿಸುವವನು ಗಾಡಿಯನ್ನು ಬಿಟ್ಟು ಗಾಡಿಯ ನೆರಳನ್ನು ತೂಗಿದಂತಾಯಿತು.

ಇಷ್ಟು ಚಿಕ್ಕ ಕಣ ತಾನಾಗಿ ಮುಳುಗುವುದು ಬಹಳ ನಿಧಾನ. ಎರಡು ಮೈಕ್ರಾನ್ ವ್ಯಾಸದ ಕಣವೊಂದು ನಿಶ್ಚಲವಾದ ನೀರಿನಲ್ಲಿ ದಿನಕ್ಕೆ ಸುಮಾರು 30 ಸೆಂಟಿಮೀಟರ್ ಇಳಿಯುತ್ತದೆಂದು ಸ್ಟೋಕ್ಸನ ನಿಯಮದಿಂದ ಲೆಕ್ಕ ಹಾಕಬಹುದು. ಹತ್ತು ಮೀಟರ್ ಆಳವನ್ನು ಮುಟ್ಟಲು ಅದಕ್ಕೆ ಒಂದು ತಿಂಗಳಿಗೂ ಹೆಚ್ಚು ಕಾಲ ಬೇಕು. ಹರಿಯುವ ನದಿಯಲ್ಲಿ ಅದಕ್ಕೆ ಆ ಅವಕಾಶ ಎಲ್ಲಿಯದು? ಆದರೆ ಅಳಿವೆಯಲ್ಲಿ ಉಪ್ಪುನೀರು ಎದುರಾಗುತ್ತದೆ. ಒಂದೇ ಬಗೆಯ ವಿದ್ಯುದಂಶವಿದ್ದ ಕಾರಣ ಇದುವರೆಗೆ ಒಂದನ್ನೊಂದು ದೂರ ತಳ್ಳುತ್ತಿದ್ದ ಕಣಗಳ ನಡುವಣ ವಿಕರ್ಷಣೆಯನ್ನು ಉಪ್ಪಿನ ಅಯಾನುಗಳು ಕುಗ್ಗಿಸುತ್ತವೆ. ಕಣಗಳು ಒಂದಕ್ಕೊಂದು ತಗುಲಿ ಹಿಂಜಿದ ಅರಳೆಯಂಥ ಮುದ್ದೆಗಳಾಗಿ ಕೆಲವು ಗಂಟೆಗಳಲ್ಲಿಯೇ ತಳ ಸೇರಬಲ್ಲವು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ನೋಡಬಹುದು. ಎರಡು ಗಾಜಿನ ಲೋಟಗಳಲ್ಲಿ ಒಂದೇ ಬಗೆಯ ಜೇಡಿಮಣ್ಣಿನ ಕದಡಿದ ನೀರನ್ನು ತುಂಬಿ, ಒಂದಕ್ಕೆ ಮಾತ್ರ ಒಂದು ಚಮಚ ಉಪ್ಪನ್ನು ಹಾಕಿ ಕಲಕಿ ಬಿಡಿ. ಉಪ್ಪಿದ್ದ ಲೋಟದ ನೀರು ಮೊದಲು ತಿಳಿಯಾಗುತ್ತದೆ. ಅಳಿವೆಯಲ್ಲಿ ಹೂಳು ತುಂಬುವ ರಹಸ್ಯದ ಒಂದು ಭಾಗ ಆ ಲೋಟದಲ್ಲಿದೆ.

ನೀರು ತಿಳಿಯಾಯಿತು, ಲೋಹ ತಳ ಸೇರಿತು. ಇಲ್ಲಿಗೆ ಕಥೆ ಮುಗಿಯಿತೆಂದು ಭಾವಿಸುವವರೇ ಹೆಚ್ಚು. ನಿಜವಾಗಿ ಕಥೆ ಆರಂಭವಾಗುವುದು ಇಲ್ಲಿಂದ.

ನೀರಿಳಿದಾಗ ಅಳಿವೆಯ ದಡದಲ್ಲಿ ಕಾಲಿಟ್ಟವರಿಗೆ ಗೊತ್ತು: ಮೇಲಿನ ಕೆಸರು ಕಂದು ಬಣ್ಣದ್ದು, ಕಾಲು ಹುಗಿದು ಮೇಲೆತ್ತಿದರೆ ಒಳಗಿನದು ಕಪ್ಪು, ಕೊಳೆತ ಮೊಟ್ಟೆಯ ವಾಸನೆ ಬೇರೆ. ಈ ಎರಡು ಬಣ್ಣಗಳು ಎರಡು ಬೇರೆ ಬೇರೆ ರಾಸಾಯನಿಕ ರಾಜ್ಯಗಳ ಗುರುತುಗಳು. ಕೆಲವು ಮಿಲಿಮೀಟರಿನಿಂದ ಕೆಲವು ಸೆಂಟಿಮೀಟರಿನವರೆಗೆ ದಪ್ಪವಿರುವ ಮೇಲಿನ ಪದರಕ್ಕೆ ಆಮ್ಲಜನಕ ದೊರಕುತ್ತದೆ. ಅಲ್ಲಿ ಕಬ್ಬಿಣ, ಮ್ಯಾಂಗನೀಸ್‌ಗಳು ಆಕ್ಸೈಡುಗಳಾಗಿದ್ದು ಇತರ ಲೋಹಗಳನ್ನು ಹಿಡಿದಿಟ್ಟುಕೊಂಡಿರುತ್ತವೆ. ಕೆಳಗೆ ಹೋದಂತೆ ಆಮ್ಲಜನಕ ತೀರಿಹೋಗುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಉಸಿರಾಟಕ್ಕಾಗಿ ಆಕ್ಸೈಡುಗಳನ್ನೇ ಬಳಸಿಕೊಳ್ಳುತ್ತವೆ; ಆಕ್ಸೈಡು ಕರಗಿದಾಗ ಅದಕ್ಕೆ ಅಂಟಿಕೊಂಡಿದ್ದ ಲೋಹಗಳು ಕೆಸರಿನ ರಂಧ್ರಗಳಲ್ಲಿರುವ ನೀರಿಗೆ ಬರುತ್ತವೆ. ಇನ್ನೂ ಕೆಳಗೆ ಕಡಲನೀರಿನ ಸಲ್ಫೇಟನ್ನು ಬಳಸುವ ಜೀವಿಗಳು ಸಲ್ಫೈಡನ್ನು ಉಂಟುಮಾಡುತ್ತವೆ. ಬಿಡುಗಡೆಯಾದ ಕ್ಯಾಡ್ಮಿಯಮ್, ಸೀಸ, ಸತು, ತಾಮ್ರಗಳನ್ನು ಈ ಸಲ್ಫೈಡು ಹಿಡಿದು, ನೀರಿನಲ್ಲಿ ಕರಗದಂತೆ ಬಂಧಿಸುತ್ತದೆ. ಹೀಗೆ ಲೋಹವು ಒಂದು ಸೆರೆಯಿಂದ ಬಿಡಿಸಿಕೊಂಡು ಇನ್ನೊಂದು ಸೆರೆಯನ್ನು ಸೇರುತ್ತದೆ. ನಡುವೆ ಸಿಕ್ಕ ಸ್ವಾತಂತ್ರ್ಯದಲ್ಲಿ ಸ್ವಲ್ಪ ಭಾಗ ಮೇಲಕ್ಕೆ ತಪ್ಪಿಸಿಕೊಳ್ಳುವುದೂ ಉಂಟು.

ಈ ತಪ್ಪಿಸಿಕೊಳ್ಳುವಿಕೆಗೆ ಎಷ್ಟು ಕಾಲ ಬೇಕು? ಇಲ್ಲಿ ಭೌತಶಾಸ್ತ್ರ ನಮ್ಮ ನೆರವಿಗೆ ಬರುತ್ತದೆ. ವಿಸರಣದಿಂದ ಚಲಿಸುವ ಅಯಾನು ಕ್ರಮಿಸುವ ದೂರವು ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ನಿಶ್ಚಲವಾದ ನೀರಿನಲ್ಲಿ ಸಾಮಾನ್ಯ ಅಯಾನೊಂದು ಒಂದು ದಿನದಲ್ಲಿ ಸುಮಾರು ಒಂದೂಕಾಲು ಸೆಂಟಿಮೀಟರ್ ಚಲಿಸಿದರೆ, ಒಂದು ವರ್ಷದಲ್ಲಿ ಚಲಿಸುವುದು ಸುಮಾರು 25 ಸೆಂಟಿಮೀಟರ್ ಮಾತ್ರ. ನೂರು ವರ್ಷಗಳಲ್ಲಿ ಎರಡೂವರೆ ಮೀಟರ್. ಕೆಸರಿನಲ್ಲಾದರೋ ದಾರಿ ಅಂಕುಡೊಂಕಾದುದು. ಹೆಜ್ಜೆ ಹೆಜ್ಜೆಗೂ ಅಂಟಿಸಿಕೊಳ್ಳುವ ಕಣಗಳಿವೆ. ಆದ್ದರಿಂದ ಚಲನೆ ಇದಕ್ಕಿಂತಲೂ ಬಹಳ ನಿಧಾನ. ಎಂದರೆ ಮೇಲಿನ ಒಂದೆರಡು ಸೆಂಟಿಮೀಟರ್ ಪದರದಲ್ಲಿರುವ ಲೋಹ ದಿನವೂ ನೀರಿನೊಡನೆ ಕೊಡುಕೊಳ್ಳುವಿಕೆ ನಡೆಸುತ್ತಿರುತ್ತದೆ; ಒಂದು ಮೀಟರ್ ಕೆಳಗಿರುವುದು, ಯಾರೂ ಕೆದಕದಿದ್ದರೆ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಿಯೇ ಇರುತ್ತದೆ.

ಯಾರೂ ಕೆದಕದಿದ್ದರೆ! ಎಲ್ಲ ತೊಂದರೆಯೂ ಈ ಮಾತಿನಲ್ಲಿದೆ. ಹುಳುಗಳು ಬಿಲ ತೋಡುತ್ತವೆ, ಏಡಿಗಳು ಮಣ್ಣೆತ್ತುತ್ತವೆ, ಮಹಾಪೂರ ತಳವನ್ನೇ ಕೊರೆಯುತ್ತದೆ, ಮನುಷ್ಯನು ಹಡಗಿನ ಹಾದಿಗಾಗಿ ಹೂಳೆತ್ತುವ ಯಂತ್ರವನ್ನು ತರುತ್ತಾನೆ. ಆಗ ಕಪ್ಪು ಕೆಸರಿಗೆ ಆಮ್ಲಜನಕ ತಗಲುತ್ತದೆ. ಸಲ್ಫೈಡಿನ ಬಂಧ ಸಡಿಲಗೊಂಡು ಲೋಹ ಹೊರಬೀಳಬಹುದು. ಅಳಿವೆಯ ಕಪ್ಪು ಕೆಸರಿನ ಒಂದು ಹಿಡಿಯನ್ನು ತಟ್ಟೆಯಲ್ಲಿ ಹರಡಿ ಗಾಳಿಗಿಟ್ಟರೆ ಮೇಲ್ಭಾಗ ಕ್ರಮೇಣ ಕಂದು ಬಣ್ಣಕ್ಕೆ ತಿರುಗುವುದನ್ನು ಯಾರಾದರೂ ನೋಡಬಹುದು. ಕಬ್ಬಿಣದ ಸಲ್ಫೈಡು ಉತ್ಕರ್ಷಣ ಹೊಂದುವುದರ ಗುರುತು ಅದು.

ಈ ತತ್ತ್ವಗಳೆಲ್ಲವೂ ಒಂದೆಡೆ ಕೂಡಿ ಒಂದು ಜನಸಮುದಾಯದ ಜೀವನೋಪಾಯವನ್ನು ತಟ್ಟಿದ ನಿದರ್ಶನವು ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿದೆ. ಅಲ್ಲಿ ಗರೋನ್, ದೊರ್ದೋನ್ ಎಂಬ ಎರಡು ನದಿಗಳು ಬೋರ್ಡೊ ನಗರದ ಕೆಳಗೆ ಕೂಡಿ, ಸುಮಾರು 75 ಕಿಲೋಮೀಟರ್ ಉದ್ದದ ಝಿರೋಂದ್ ಅಳಿವೆಯಾಗಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತವೆ. ಈ ಅಳಿವೆಯ ಬಾಯಿಯಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಗರೋನ್ ನದಿಯನ್ನು ಸೇರುವ ಲೋತ್ ಎಂಬ ಉಪನದಿಯ ಪ್ರದೇಶದಲ್ಲಿ, ದೆಕಾಝ್‌ವೀಲ್ ಎಂಬ ಕಲ್ಲಿದ್ದಲಿನ ಊರಿದೆ. ಅದರ ನೆರೆಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ಸತುವಿನ ಅದಿರನ್ನು ಸಂಸ್ಕರಿಸುವ ಕೆಲಸ ನಡೆಯುತ್ತಿತ್ತು. ಮೂಲವಸ್ತುಗಳ ಆವರ್ತಕೋಷ್ಟಕವನ್ನು ನೋಡಿದ ವಿದ್ಯಾರ್ಥಿಗಳಿಗೆ ಸತುವಿನ ಕೆಳಗೆ ಕ್ಯಾಡ್ಮಿಯಮ್, ಅದರ ಕೆಳಗೆ ಪಾದರಸ ಇರುವುದು ತಿಳಿದೇ ಇದೆ. ಒಂದೇ ಕುಟುಂಬದ ಸತು, ಕ್ಯಾಡ್ಮಿಯಮ್‌ಗಳು ಅದಿರಿನಲ್ಲಿಯೂ ಜೊತೆಯಾಗಿಯೇ ಇರುತ್ತವೆ. ಸತುವನ್ನು ತೆಗೆದುಕೊಂಡ ಮೇಲೆ ಉಳಿದ ಕಸದ ರಾಶಿಯಿಂದ ಕ್ಯಾಡ್ಮಿಯಮ್ ಮಳೆನೀರಿನೊಡನೆ ರಿಯೂ-ಮೋರ್ ಎಂಬ ಚಿಕ್ಕ ಹಳ್ಳವನ್ನು ಸೇರಿ, ಅಲ್ಲಿಂದ ಲೋತ್ ನದಿಗೂ ಗರೋನ್ ನದಿಗೂ ಇಳಿಯಿತು.

ನದಿಯ ಸಿಹಿನೀರಿನಲ್ಲಿ ಅದರ ಬಹುಭಾಗ ಕಣಗಳಿಗೆ ಅಂಟಿಕೊಂಡೇ ಪ್ರಯಾಣ ಮಾಡಿತು. ಆದರೆ ಅಳಿವೆಯಲ್ಲಿ ಕ್ಯಾಡ್ಮಿಯಮಿನ ನಡತೆ ಬೇರೆಯಾಯಿತು. ಕಡಲಿನ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದ್ದು ಅದರಲ್ಲಿ 19 ಗ್ರಾಂ ಕ್ಲೋರೈಡೇ ಇರುತ್ತದೆ. ಕ್ಯಾಡ್ಮಿಯಮಿಗೆ ಕ್ಲೋರೈಡಿನ ಮೇಲೆ ಒಲವು ಹೆಚ್ಚು. ಉಪ್ಪು ಏರಿದಂತೆಲ್ಲ ಅದು ಕಣಗಳ ಮೇಲ್ಮೈಯನ್ನು ಬಿಟ್ಟು, ಕ್ಲೋರೈಡಿನೊಡನೆ ಸಂಯೋಗ ಹೊಂದಿ, ಕರಗಿದ ರೂಪದಲ್ಲಿ ನೀರಿಗೆ ಬಂತು. ಕಣವನ್ನು ಮುಳುಗಿಸುವ ಉಪ್ಪೇ ಕಣದ ಮೇಲಿನ ಕ್ಯಾಡ್ಮಿಯಮನ್ನು ಬಿಡಿಸುವುದನ್ನು ನೋಡಿ! ಸೀಸ ಹೀಗೆ ಮಾಡುವುದಿಲ್ಲ. ಅದು ಬಹುಮಟ್ಟಿಗೆ ಕಣಗಳನ್ನು ಹಿಡಿದುಕೊಂಡೇ ತಳ ಸೇರುತ್ತದೆ. ಒಂದೊಂದು ಲೋಹಕ್ಕೂ ಅದರದೇ ಸ್ವಭಾವ. ಎಲ್ಲವನ್ನೂ ಒಂದೇ ಸೂತ್ರಕ್ಕೆ ಕಟ್ಟಲಾಗದು.

ಝಿರೋಂದಿನ ಬಾಯಿಯ ಪ್ರದೇಶ ಸಿಂಪಿಗಳಿಗೆ ಹೆಸರಾದುದು. ಗಂಟೆಗೆ ಹಲವು ಲೀಟರ್ ನೀರನ್ನು ಸೋಸಿ ಆಹಾರ ಪಡೆಯುವ ಈ ಪ್ರಾಣಿ ನೀರಿನ ಕ್ಯಾಡ್ಮಿಯಮನ್ನು ತನ್ನ ಮೈಯಲ್ಲಿ ಕೂಡಿಡುತ್ತದೆ. 1970ರ ದಶಕದ ಕೊನೆಯಲ್ಲಿ ಅಲ್ಲಿನ ಸಿಂಪಿಗಳನ್ನು ಪರೀಕ್ಷಿಸಿದಾಗ ಕ್ಯಾಡ್ಮಿಯಮ್ ಅತಿಯಾಗಿರುವುದು ಹೊರಬಿತ್ತು. 1987ರಲ್ಲಿ ಅದಿರಿನ ಸಂಸ್ಕರಣ ನಿಂತಿತು. ಸಿಂಪಿಗಳಲ್ಲಿನ ಕ್ಯಾಡ್ಮಿಯಮ್ ಇಳಿಯತೊಡಗಿತು. ಆದರೆ ಎಷ್ಟು ನಿಧಾನವಾಗಿ! ಲೋತ್ ನದಿಯ ಅಣೆಕಟ್ಟುಗಳ ಹಿಂದೆ ಹಳೆಯ ಕೆಸರು ಸಂಗ್ರಹವಾಗಿತ್ತು. ಪ್ರವಾಹ ಬಂದಾಗಲೆಲ್ಲ ಅದರಿಂದ ಒಂದಿಷ್ಟು ಎದ್ದು ಕೆಳಗಿಳಿಯುತ್ತಿತ್ತು. ಕುಲುಮೆ ಆರಿದ ಮೇಲೂ, 1990ರ ದಶಕದಲ್ಲಿ, ಈ ಅಳಿವೆಯ ಸಿಂಪಿಗಳನ್ನು ಬೆಳೆಸಿ ಮಾರುವುದನ್ನು ನಿಷೇಧಿಸಬೇಕಾಯಿತು. ಇಂಥ ಚಿಪ್ಪುಪ್ರಾಣಿಗಳ ಒಂದು ಕಿಲೋಗ್ರಾಂ ಹಸಿ ಮಾಂಸದಲ್ಲಿ ಕ್ಯಾಡ್ಮಿಯಮ್ ಒಂದು ಮಿಲಿಗ್ರಾಂ ಮೀರಕೂಡದೆಂದು ಯುರೋಪಿನ ಒಕ್ಕೂಟ ವಿಧಿಸಿರುವ ಮಿತಿ. ಹತ್ತು ಲಕ್ಷದಲ್ಲಿ ಒಂದು ಪಾಲು ಎಷ್ಟು ಮನೆಗಳ ಕಸುಬನ್ನು ನಿಲ್ಲಿಸಬಲ್ಲದೆಂಬುದನ್ನು ಇದರಿಂದ ತಿಳಿಯಬಹುದು. ಕುಲುಮೆಯ ಮುನ್ನೂರು ಕಿಲೋಮೀಟರ್ ಕೆಳಗಿದ್ದ ಸಿಂಪಿಗಾರನು ಆ ಕುಲುಮೆಯ ಹೊಗೆಯನ್ನೂ ಕಂಡವನಲ್ಲ, ಲಾಭವನ್ನೂ ಉಂಡವನಲ್ಲ.

ಕೆಸರಿನ ಸಾಲವನ್ನು ತೀರಿಸಲು ಎಷ್ಟು ಖರ್ಚಾಗುತ್ತದೆ ಎಂಬುದಕ್ಕೆ ಜಪಾನಿನ ಮಿನಮಾತ ಸಾಕ್ಷಿ. ಅಲ್ಲಿ ಚಿಸ್ಸೊ ಕಂಪನಿಯ ಕಾರ್ಖಾನೆಯಿಂದ ಕೊಲ್ಲಿಗೆ ಬಿದ್ದ ಮಿಥೈಲ್ ಪಾದರಸ ಮೀನುಗಳ ಮೂಲಕ ಜನರ ನರಮಂಡಲವನ್ನು ಹೊಕ್ಕ ವೃತ್ತಾಂತ ಪ್ರಸಿದ್ಧವಾದುದು. ರೋಗ ಅಧಿಕೃತವಾಗಿ ವರದಿಯಾದುದು 1956ರಲ್ಲಿ. 1958ರ ಸೆಪ್ಟೆಂಬರಿನಲ್ಲಿ ಕಾರ್ಖಾನೆ ತನ್ನ ಕೊಳೆನೀರನ್ನು ಕೊಲ್ಲಿಗೆ ಬದಲಾಗಿ ಮಿನಮಾತ ನದಿಯ ಮುಖಕ್ಕೆ ತಿರುಗಿಸಿತು. ನದಿಯ ಬಾಯಿಗೆ ಬಿಟ್ಟುದು ಅಳಿಯಲಿಲ್ಲ. 1959ರಲ್ಲಿ ಅದುವರೆಗೆ ರೋಗವಿಲ್ಲದಿದ್ದ ನದೀಮುಖದ ಕಡೆಯಲ್ಲಿಯೂ ರೋಗಿಗಳು ಕಾಣಿಸಿಕೊಂಡರು. ವಿಷ ಬಿಡುವುದು ನಿಂತದ್ದು 1968ರಲ್ಲಿ. ಕೊಲ್ಲಿಯ ತಳದ ಕೆಸರನ್ನು, ಹತ್ತು ಲಕ್ಷದಲ್ಲಿ 25 ಪಾಲಿಗಿಂತ ಹೆಚ್ಚು ಪಾದರಸವಿದ್ದಷ್ಟನ್ನು, ಕೆಲಭಾಗ ಹೀರಿ ತೆಗೆದು, ಉಳಿದುದನ್ನು ಇದ್ದಲ್ಲಿಯೇ ಕಟ್ಟೆ ಕಟ್ಟಿ ಮುಚ್ಚಿ, 58 ಹೆಕ್ಟೇರ್ ಹೊಸ ನೆಲವನ್ನಾಗಿ ಮಾಡುವ ಕೆಲಸ 1977ರಿಂದ 1990ರವರೆಗೆ ನಡೆಯಿತು. ಸುಮಾರು 15 ಲಕ್ಷ ಘನ ಮೀಟರ್ ಕೆಸರು! ಮಲಿನ ಮೀನು ಹೊರಗೆ ಹೋಗದಂತೆ 1974ರಲ್ಲಿ ಕೊಲ್ಲಿಯ ಬಾಯಿಗೆ ಕಟ್ಟಿದ ಬಲೆಯನ್ನು ತೆಗೆದುದು 1997ರಲ್ಲಿ.

ಇಷ್ಟನ್ನು ಮುಂದಿಟ್ಟುಕೊಂಡು ನಮ್ಮ ಅಭಿಪ್ರಾಯವನ್ನು ಹೇಳುತ್ತೇವೆ. ನೀರಿನ ವಿಶ್ಲೇಷಣೆಯ ಪಟ್ಟಿಯೊಂದನ್ನೇ ಹಿಡಿದು ಅಳಿವೆಯ ಆರೋಗ್ಯವನ್ನು ನಿರ್ಣಯಿಸಕೂಡದು. ಇಂದಿನ ನೀರು ಇಂದಿನ ಕಥೆಯನ್ನು ಮಾತ್ರ ಹೇಳುತ್ತದೆ. ಕೆಸರು ಐವತ್ತು ವರ್ಷಗಳ ದಿನಚರಿಯನ್ನು ಬರೆದಿಟ್ಟಿರುತ್ತದೆ. ಕೊಳವೆಯಿಳಿಸಿ ಕೆಸರಿನ ಕಂಬವೊಂದನ್ನು ಹಾಗೆಯೇ ಮೇಲೆತ್ತಿ ಪದರ ಪದರವಾಗಿ ಪರೀಕ್ಷಿಸುವುದು ಅಸಾಧ್ಯವಾದ ಕೆಲಸವೇನಲ್ಲ.

ಆ ಪರೀಕ್ಷೆಯಲ್ಲಿಯೂ ಲೋಹ ಎಷ್ಟಿದೆ ಎಂದು ಕೇಳಿದರೆ ಸಾಲದು. ಯಾವ ರೂಪದಲ್ಲಿದೆ ಎಂದು ಕೇಳಬೇಕು. ಮಣ್ಣಿನ ಖನಿಜದ ಹರಳಿನೊಳಗೆ ಬಂಧಿತವಾದ ಲೋಹ, ಆಕ್ಸೈಡಿಗೆ ಅಂಟಿದ ಲೋಹ, ಸಲ್ಫೈಡಿನ ಲೋಹ ಇವು ಮೂರೂ ತೂಕದಲ್ಲಿ ಸಮವಾಗಿದ್ದರೂ ಅಪಾಯದಲ್ಲಿ ಸಮವಲ್ಲ. ಆದರೆ ಈ ವಿವೇಕವು ಕೊಳೆ ಬಿಡುವವನಿಗೆ ನೆಪವಾಗಬಾರದು. “ನಮ್ಮ ಲೋಹವೆಲ್ಲ ಸಲ್ಫೈಡಿನಲ್ಲಿ ಬಂಧಿತವಾಗಿದೆ, ಆದ್ದರಿಂದ ನಿರಪಾಯ” ಎಂದು ವಾದಿಸುವವರಿಗೆ ನಮ್ಮ ಉತ್ತರವಿಷ್ಟೆ: ಆ ಬಂಧನ ಆಮ್ಲಜನಕ ತಗಲುವವರೆಗೆ ಮಾತ್ರ. ಮುಂದಿನ ಮಹಾಪೂರವನ್ನು ತಡೆದು ನಿಲ್ಲಿಸುತ್ತೇವೆಂದು ಅವರು ಬರೆದುಕೊಡಬಲ್ಲರೇನು?

ಹಾಗಾದರೆ ಹಳೆಯ ಕೆಸರನ್ನೆಲ್ಲ ತೋಡಿ ತೆಗೆಯುವುದೇ ಪರಿಹಾರವೆ? ಅದೂ ಅಲ್ಲ. ತೋಡುವ ಕೆಲಸವೇ ಮಲಗಿದ್ದ ಲೋಹವನ್ನು ಎಬ್ಬಿಸಬಹುದು. ಎತ್ತಿದ ಕೆಸರನ್ನು ಸುರಿದ ಜಾಗದಲ್ಲಿ ಹೊಸ ತೊಂದರೆಯೂ ಹುಟ್ಟಬಹುದು. ಹೊಸ ಶುದ್ಧ ಹೂಳಿನಿಂದ ಮುಚ್ಚಿಹೋಗಿ, ಪ್ರವಾಹ ಮುಟ್ಟದ ಆಳದಲ್ಲಿರುವುದನ್ನು ಅಲ್ಲಿಯೇ ಬಿಡುವುದು ಅನೇಕ ವೇಳೆ ಜಾಣತನ. ಎಲ್ಲಿ ತೆಗೆಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಪರೀಕ್ಷೆ ಹೇಳಬೇಕೇ ಹೊರತು ಗುತ್ತಿಗೆಯ ಅವಸರವಲ್ಲ. ಹೂಳೆತ್ತುವ ಯಂತ್ರ ಇಳಿಯುವುದಕ್ಕೆ ಮೊದಲು ಕೆಸರಿನ ಕೊಳವೆ ಇಳಿಯಲಿ. ಎಲ್ಲಕ್ಕಿಂತ ಅಗ್ಗವಾದ ಪರಿಹಾರ ಮಾತ್ರ ಒಂದೇ: ಲೋಹವನ್ನು ಕಾರ್ಖಾನೆಯ ಬಾಗಿಲಲ್ಲಿಯೇ ಹಿಡಿಯುವುದು. ಅಲ್ಲಿ ಅದು ಒಂದು ತೊಟ್ಟಿಯಲ್ಲಿರುತ್ತದೆ. ಅಳಿವೆಯನ್ನು ಸೇರಿದ ಮೇಲೆ ಲಕ್ಷಾಂತರ ಘನ ಮೀಟರ್ ಕೆಸರಿನಲ್ಲಿ.

ಈ ವಿಚಾರ ನಮ್ಮ ನಾಡಿಗೂ ಹೊರತಾದುದಲ್ಲ. ನಮ್ಮ ಪಶ್ಚಿಮದ ನದಿಗಳು ಚಿಕ್ಕವು, ಆದರೆ ಮಳೆಗಾಲದಲ್ಲಿ ರಭಸದವು. ಮುರಕಲ್ಲಿನ ನೆಲದಿಂದ ಕಬ್ಬಿಣದ ಆಕ್ಸೈಡು ತುಂಬಿದ ಕೆಂಪು ಮಣ್ಣನ್ನು ಅವು ಹೊತ್ತು ತರುತ್ತವೆ. ಲೋಹಗಳನ್ನು ಹಿಡಿಯುವುದರಲ್ಲಿ ಆ ಆಕ್ಸೈಡು ಎಷ್ಟು ಸಮರ್ಥವೆಂಬುದನ್ನು ಮೇಲೆ ಹೇಳಿದ್ದೇವೆ. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದೇ ಅಳಿವೆಯಲ್ಲಿ ಕಡಲನ್ನು ಸೇರುತ್ತವೆ. ದಡದಲ್ಲಿ ದೊಡ್ಡ ನಗರವಿದೆ, ಬಂದರಿದೆ. ಉತ್ತರದಲ್ಲಿ ಅಘನಾಶಿನಿಯ ಅಳಿವೆಯಲ್ಲಿ ನೀರಿಳಿದಾಗ ಹೆಂಗಸರೂ ಗಂಡಸರೂ ಬಳಚು ಎಂಬ ಚಿಪ್ಪುಪ್ರಾಣಿಯನ್ನು ಕೆಸರಿನಿಂದ ಆಯ್ದು ತಂದು ಉಣ್ಣುತ್ತಾರೆ, ಮಾರುತ್ತಾರೆ. 2024ರಲ್ಲಿ ಈ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಯನ್ನು ಸೇರಿತು. ಬಳಚು ಕೂಡ ಸಿಂಪಿಯಂತೆ ನೀರನ್ನು ಸೋಸಿ ಬದುಕುವ ಪ್ರಾಣಿಯೇ. ಝಿರೋಂದಿನಲ್ಲಿ ನಡೆದುದು ಇಲ್ಲಿ ನಡೆದಿದೆಯೆಂದು ನಾವು ಹೇಳುತ್ತಿಲ್ಲ. ನಡೆಯುವುದಕ್ಕೆ ಮೊದಲೇ ತಿಳಿದುಕೊಳ್ಳುವ ಅವಕಾಶ ನಮಗಿದೆ ಎಂದಷ್ಟೇ ಹೇಳುತ್ತಿದ್ದೇವೆ. ಇಂದಿನ ಶುದ್ಧ ಕೆಸರಿನ ಅಳತೆ ನಮ್ಮ ಬಳಿ ಇದ್ದರೆ ನಾಳೆಯ ಕಲಬೆರಕೆಯನ್ನು ಗುರುತಿಸಬಹುದು. ಇಲ್ಲದಿದ್ದರೆ ವಾದವಿವಾದದಲ್ಲಿಯೇ ವರ್ಷಗಳು ಕಳೆಯುತ್ತವೆ.

ಕರಾವಳಿಯ ಶಾಲೆ ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಹಾಕಬಾರದೇಕೆ? ಲೋಹದ ಸೂಕ್ಷ್ಮ ವಿಶ್ಲೇಷಣೆಗೆ ಬೆಲೆಬಾಳುವ ಉಪಕರಣಗಳು ಬೇಕು, ನಿಜ. ಆದರೆ ತಮ್ಮ ಊರಿನ ಅಳಿವೆಯಲ್ಲಿ ಕಂದು ಪದರ ಎಷ್ಟು ದಪ್ಪವಿದೆ, ಉಬ್ಬರದ ಕಾಲದಲ್ಲಿ ಉಪ್ಪು ಎಲ್ಲಿಯವರೆಗೆ ಏರುತ್ತದೆ, ಮಳೆಗಾಲದ ಮೊದಲೂ ಅನಂತರವೂ ಹೂಳು ಎಷ್ಟು ಸರಿದಿದೆ ಎಂಬುದನ್ನು ಅಳೆಯಲು ಒಂದು ಗಾಜಿನ ಕೊಳವೆ, ಒಂದು ಅಳತೆಪಟ್ಟಿ, ಒಂದು ಹೈಡ್ರೋಮೀಟರ್ ಸಾಕು. ನೀರಿಳಿದ ಹೊತ್ತಿನಲ್ಲಿ, ಆಳ ತಿಳಿದ ಸ್ಥಳೀಯರ ಜೊತೆಯಲ್ಲಿಯೇ ಇಳಿಯಬೇಕೆಂಬುದನ್ನು ಮಾತ್ರ ಮರೆಯಬಾರದು. ವರ್ಷ ವರ್ಷವೂ ತಪ್ಪದೆ ಬರೆದಿಟ್ಟ ಇಂಥ ಟಿಪ್ಪಣಿಗಳು ಮುಂದೆ ಸಂಶೋಧಕರಿಗೆ ಬಹು ಬೆಲೆಯುಳ್ಳವಾಗುತ್ತವೆ. ಕಣ್ಣಿಗೆ ಮರೆಯಾದುದನ್ನು ಲೆಕ್ಕದಿಂದಲೂ ಮರೆಮಾಡುವುದು ಸುಲಭ; ಹಾಗೆ ಮರೆಯಾಗದಂತೆ ನೋಡಿಕೊಳ್ಳುವುದು ವಿಜ್ಞಾನ ಕಲಿತವರ ಕರ್ತವ್ಯ.